ಕಿವಿ ಕೇಳಿಸದ ಹುಡುಗಿಗೆ ಕಥೆಯಲ್ಲಿ ಏನು ಕೆಲಸ? ಮಕ್ಕಳಿಗೆ ಪುಸ್ತಕ ಕೊಳ್ಳುವ ಮುಂಚೆ ಒಂದಿಷ್ಟು ಲೆಕ್ಕಾಚಾರ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮೂರು ಜನ ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಹಳೆಯ ಗೆಳತಿ. ಅವಳ ಮಗನ ಕ್ಲಾಸಿಗೆ ಕಿವಿಗೆ ಮಿಷನ್ ಹಾಕಿಕೊಳ್ಳುವ ಹುಡುಗ ಸೇರಿದ್ದಾನೆ. ಮಗ ಮನೆಗೆ ಬಂದು "ಅಮ್ಮಾ, ಅವನ ಹತ್ರ ಕಿರುಚಿ ಮಾತಾಡ್ಬೇಕಾ?" ಅಂತ ಕೇಳಿದನಂತೆ. ಇನ್ನೊಬ್ಬರು ಹೈಸ್ಕೂಲ್ ಮೇಷ್ಟ್ರು. ಲೈಬ್ರರಿಗೆ ನಾಲ್ಕೈದು ಪುಸ್ತಕ ಕೊಳ್ಳುವಷ್ಟು ದುಡ್ಡು ಬಂದಿದೆ, ಯಾವುದು ತರಲಿ ಅಂದರು. ಮೂರನೆಯವರು ಒಬ್ಬ ಅಪ್ಪ. ಅವರ 6 ವರ್ಷದ ಮಗಳಿಗೆ ಹೋದ ವರ್ಷವಷ್ಟೇ ಮಿಷನ್ ಬಂದಿದೆ. "ನಮ್ಮ ಪುಟ್ಟಿ ಥರದವರು ಯಾವ ಕಥೇಲೂ ಇಲ್ವಲ್ಲ ಮೇಡಂ" ಅಂದರು.

ಇದ್ದಾರೆ. ಆದರೆ ಮೂವರಿಗೂ ಒಂದೇ ಪುಸ್ತಕದ ಹೆಸರು ಹೇಳಿದರೆ ಇಬ್ಬರಿಗಂತೂ ತಪ್ಪು ಪುಸ್ತಕ ಕೊಟ್ಟ ಹಾಗೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಇದರಲ್ಲಿ ಏನು ಗೊತ್ತು ಅಂತ ಕೇಳಬಹುದು. ನನ್ನ ಅಕ್ಕನ ಮಗಳಿಗೆ ಈಗ 12. ಚಿಕ್ಕವಳಿದ್ದಾಗ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಪರೀಕ್ಷೆ ಮಾಡಿಸಿ ಎರಡೂ ಕಿವಿಗೆ ಮಿಷನ್ ಹಾಕಿಸಿದರು. ಬಾಯಲ್ಲಿ ಮಾತಾಡುತ್ತಾಳೆ, ಎರಡು ವರ್ಷದಿಂದ ಸೈನ್ ಭಾಷೆಯನ್ನೂ, ಅಂದರೆ ಕೈಸನ್ನೆಯ ಭಾಷೆಯನ್ನೂ ಕಲಿಯುತ್ತಿದ್ದಾಳೆ. ಕೆಳಗಿನ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲಿ ಒಂದು ಸುತ್ತು ಬಂದಿವೆ. ಕೆಲವು ಅವಳು ಹತ್ತು ಪುಟಕ್ಕೇ ಮುಚ್ಚಿಟ್ಟಳು. ಅದನ್ನೂ ಹೇಳುತ್ತೇನೆ.

ಮೊದಲು ಏನು ನೋಡಬೇಕು

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದು: ಆ ಪಾತ್ರಕ್ಕೆ ಕಿವಿ ಕೇಳಿಸದೆ ಇರುವುದು ಬಿಟ್ಟು ಬೇರೆ ಏನಾದರೂ ಕೆಲಸ ಇದೆಯಾ? ಅವಳಿಗೆ ಏನಾದರೂ ಬೇಕಾ? ಗೆಳತಿ ಬೇಕು, ರೇಡಿಯೊ ರಿಪೇರಿ ಮಾಡಬೇಕು, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳಬೇಕು, ಏನಾದರೂ ಸರಿ. ಸುಮ್ನೆ ಮೂಲೆಯಲ್ಲಿ ಕೂತು ಉಳಿದವರಿಗೆ ಕರುಣೆ ಕಲಿಸುವ ಪಾತ್ರವಾದರೆ ಪುಸ್ತಕ ವಾಪಸ್ ಇಡಿ. ಕೊನೆಯ ಪುಟದಲ್ಲಿ ಪವಾಡದ ಹಾಗೆ ಕಿವಿ ಕೇಳಿಸಿಬಿಡುವ ಕಥೆಯೂ ಬೇಡ. ಅದನ್ನು ಓದಿದ ಮಗು ಮಾರನೇ ದಿನ ಬೆಳಿಗ್ಗೆ ಮತ್ತೆ ಮಿಷನ್ ಹಾಕಿಕೊಂಡೇ ಶಾಲೆಗೆ ಹೋಗಬೇಕು, ಅಲ್ವಾ?

ಎರಡನೆಯದು, ಓದುವವರು ಯಾರು. ಕಿವಿ ಕೇಳಿಸದ ಮಗು ಓದುವುದಾದರೆ "ಹೌದು, ನಂಗೂ ಹಿಂಗೇ ಆಗುತ್ತೆ" ಅನಿಸಬೇಕು. ಪಕ್ಕದ ಬೆಂಚಿನ ಹುಡುಗ ಓದುವುದಾದರೆ "ಅಯ್ಯೋ, ನಾನೂ ಹಾಗೇ ಮಾಡಿದ್ನಲ್ಲ" ಅನಿಸಬೇಕು. ಇವೆರಡೂ ಬೇರೆ ಬೇರೆ ಪುಸ್ತಕ. ಕೆಲವು ಪುಸ್ತಕ ಎರಡನ್ನೂ ಮಾಡುತ್ತವೆ, ಅವು ಕಡಿಮೆ.

ಮೂರನೆಯದು ತುಟಿ ಓದುವ ವಿಷಯ. ಕೆಟ್ಟ ಪುಸ್ತಕದಲ್ಲಿ ಕಿವಿ ಕೇಳಿಸದವರು ರಸ್ತೆಯ ಆ ಕಡೆ ನಿಂತವರ ತುಟಿ ನೋಡಿ ಇಡೀ ಗುಟ್ಟು ತಿಳಿದುಕೊಳ್ಳುತ್ತಾರೆ. ಇದು ಸುಳ್ಳು. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ "ಪಾಪ", "ಬಾಬ", "ಮಾಮ" ಅಂತ ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಉಳಿದದ್ದನ್ನು ಅವರು ಊಹೆಯಲ್ಲೇ ತುಂಬಿಕೊಳ್ಳಬೇಕು, ಇಡೀ ದಿನ, ಎಲ್ಲರ ಜೊತೆ. ಸಂಜೆ ಮನೆಗೆ ಬಂದಾಗ ಮಗು ಯಾಕೆ ಅಷ್ಟು ಸುಸ್ತಾಗಿರುತ್ತೆ ಅಂತ ನಮ್ಮಕ್ಕನಿಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಪುಸ್ತಕದಲ್ಲಿ ಈ ಸುಸ್ತು ಇದೆಯಾ ನೋಡಿ. ಇದ್ದರೆ ಬರೆದವರಿಗೆ ವಿಷಯ ಗೊತ್ತು ಅಂತ ಅರ್ಥ.

ಬರೆದವರು ಸ್ವತಃ ಕಿವಿ ಕೇಳಿಸದವರಾ ಅನ್ನುವುದೂ ಮುಖ್ಯ. ಆದರೆ ಅದೊಂದನ್ನೇ ಹಿಡಿದುಕೊಂಡು ಕೂರಬೇಡಿ. ಆಮೇಲೆ ಪುಟ ಎಷ್ಟು, ಇಂಗ್ಲಿಷ್ ಎಷ್ಟು ಕಷ್ಟ, ಒಂದು ಪುಸ್ತಕವಾ ಏಳು ಪುಸ್ತಕವಾ. ಇಲ್ಲಿ ಹೇಳುತ್ತಿರುವುದೆಲ್ಲ ಇಂಗ್ಲಿಷಿನಲ್ಲಿ ಸಿಗುವವು, ಬಹುಪಾಲು ಹೊರದೇಶದಿಂದ ಬರುವವು, ಅಂದರೆ ಅಗ್ಗ ಅಲ್ಲ.

6ರಿಂದ 8 ವರ್ಷದವರಿಗೆ: ಕರಡಿಮರಿ

"ಕ್ಯಾನ್ ಬೇರ್ಸ್ ಸ್ಕೀ?" 2020ರ ಚಿತ್ರಪುಸ್ತಕ. ಬರೆದ ರೇಮಂಡ್ ಆಂಟ್ರೊಬಸ್ ಬ್ರಿಟನ್ನಿನ ಕವಿ, ಅವರಿಗೆ ಕಿವಿ ಕೇಳಿಸುವುದಿಲ್ಲ. ಚಿತ್ರ ಬರೆದ ಪಾಲಿ ಡನ್‌ಬಾರ್‌ಗೂ ಕಿವಿ ಮಂದ. ಒಂದು ಕರಡಿಮರಿ. ಅಪ್ಪ ಕರಡಿ, ಟೀಚರು, ಎಲ್ಲರೂ ಅದನ್ನು ದಿನವಿಡೀ "ಕರಡಿಗಳು ಸ್ಕೀ ಮಾಡುತ್ತವಾ?", ಅಂದರೆ ಹಿಮದ ಮೇಲೆ ಜಾರುತ್ತವಾ ಅಂತ ಕೇಳುತ್ತಾರೆ. ಮರಿಗೆ ತಲೆಬುಡ ಅರ್ಥವಾಗಲ್ಲ. ಅವರು ನಿಜವಾಗಿ ಕೇಳುತ್ತಿದ್ದದ್ದು "ಕ್ಯಾನ್ ಯೂ ಹಿಯರ್ ಮಿ?" ಅಂತ. ಅಷ್ಟೇ ಕಥೆ. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಮಿಷನ್ ಹಾಕಿಸಿಕೊಂಡ ಮೇಲೆ ಎಲ್ಲವೂ ಸುಖವಾಗಿಬಿಡುವುದಿಲ್ಲ, ಲೋಕವೆಲ್ಲ ಗಲಾಟೆ ಅನಿಸುತ್ತದೆ. ಅದು ನೂರಕ್ಕೆ ನೂರು ನಿಜ. ನಮ್ಮ ಹುಡುಗಿ ಮೊದಲ ವಾರ ಪ್ರೆಶರ್ ಕುಕ್ಕರ್ ಕೂಗಿದರೆ ಮಿಷನ್ ಕಿತ್ತು ಸೋಫಾ ಸಂದಿಗೆ ತುರುಕುತ್ತಿದ್ದಳು.

ತೊಡಕು ಒಂದೇ. ಇಡೀ ತಮಾಷೆ ನಿಂತಿರುವುದು ಇಂಗ್ಲಿಷ್ ಶಬ್ದದ ಮೇಲೆ. ಕನ್ನಡದಲ್ಲಿ ಹಾಗೇ ಹೇಳಿದರೆ ಸಪ್ಪೆ. ನಾನು ಓದಿ ಹೇಳುವಾಗ ಅಪ್ಪ ಕರಡಿ "ಕೇಳಿಸ್ತಾ?" ಅಂದದ್ದು ಮರಿಗೆ "ಗೇರಿಷ್ಟಾ?" ಅಂತ ಕೇಳಿಸಿತು ಅಂತ ಮಾಡಿಕೊಂಡೆ. ಗೇರುಬೀಜ ಯಾಕೆ ಎಲ್ಲರೂ ಕೇಳ್ತಿದ್ದಾರೆ ಅಂತ ಮಕ್ಕಳು ಬಿದ್ದು ಬಿದ್ದು ನಕ್ಕರು. ನೀವು ಇನ್ನೂ ಒಳ್ಳೆಯದು ಹುಡುಕಬಹುದು. ಈ ಕಥೆಯನ್ನು 2022ರಲ್ಲಿ ಬಿಬಿಸಿಯ ಮಕ್ಕಳ ಚಾನೆಲ್‌ನಲ್ಲಿ ನಟಿ ರೋಸ್ ಐಲಿಂಗ್-ಎಲಿಸ್ ಬ್ರಿಟಿಷ್ ಸೈನ್ ಭಾಷೆಯಲ್ಲಿ ಹೇಳಿದರು. ಅವರಿಗೂ ಕಿವಿ ಕೇಳಿಸುವುದಿಲ್ಲ.

10 ವರ್ಷ ದಾಟಿದ ಮಗುವಿಗೆ ಇದು ಚಿಕ್ಕದಾಯಿತು. 6 ವರ್ಷದ ಪುಟ್ಟಿಗೆ ಹೇಳಿ ಮಾಡಿಸಿದಂತಿದೆ.

ಒಂದೇ ಒಂದು ಕೊಳ್ಳುವುದಾದರೆ: ಎಲ್ ಡೆಫೊ

ಸೀಸಿ ಬೆಲ್ ಬರೆದ, ಚಿತ್ರವನ್ನೂ ಅವರೇ ಬರೆದ "ಎಲ್ ಡೆಫೊ" 2014ರಲ್ಲಿ ಬಂತು. ಮಾರನೇ ವರ್ಷ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಆನರ್, ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಎರಡೂ ಸಿಕ್ಕವು. ಅದು ಅವರದೇ ಬಾಲ್ಯ. 4 ವರ್ಷದವರಿದ್ದಾಗ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಬಂದು ಕಿವಿ ಹೋಯಿತು. 1970ರ ದಶಕದ ಅಮೆರಿಕ. ಎಲ್ಲ ಪಾತ್ರಗಳೂ ಮೊಲಗಳು. ಇಷ್ಟುದ್ದ ಕಿವಿ, ಆದರೆ ಒಬ್ಬಳಿಗೆ ಮಾತ್ರ ಆ ಕಿವಿ ಕೆಲಸ ಮಾಡಲ್ಲ. ಇದಕ್ಕಿಂತ ಸರಳವಾಗಿ ಹೇಳಲು ಆಗುತ್ತಿತ್ತೋ ಇಲ್ಲವೋ.

ಕಾಮಿಕ್ಸ್‌ನಲ್ಲಿ ಮಾತು ಅಂದರೆ ಬಲೂನು. ಇಲ್ಲಿ ಆ ಬಲೂನೇ ಕಿವಿ. ಕೇಳಿಸದಿದ್ದರೆ ಬಲೂನು ಖಾಲಿ. ಅರ್ಧಂಬರ್ಧ ಕೇಳಿಸಿದರೆ ಬಲೂನಿನೊಳಗೆ ಅರ್ಥವಿಲ್ಲದ ಅಕ್ಷರಗಳು, ಓದುವವರೂ ಊಹಿಸಲೇಬೇಕು. ಬ್ಯಾಟರಿ ಮುಗಿಯುತ್ತಾ ಬಂದಾಗ ಅಕ್ಷರಗಳು ಪುಟದ ಮೇಲೇ ಮಾಸುತ್ತಾ ಹೋಗುತ್ತವೆ. ಈ ಜಾಗ ಬಂದಾಗ ನಮ್ಮ ಹುಡುಗಿ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೇ ಬಂದಳು. ಖುಷಿಯಾಗಿದ್ದಾಳೆ ಅಂದುಕೊಂಡೆ, ತಕರಾರು ತಂದಿದ್ದಳು. "ಚಿಕ್ಕಮ್ಮ, ಇದು ತಪ್ಪು. ನಂದು ಹಿಂಗೆ ಮಸುಕಾಗಲ್ಲ. ಟುಂಯ್ ಟುಂಯ್ ಅನ್ನುತ್ತೆ, ಆಮೇಲೆ ಒಂದೇ ಸಲ ಢಮಾರ್." ಆಮೇಲೆ ತನ್ನ ಕಂಪಾಸ್ ಬಾಕ್ಸಿನಲ್ಲಿದ್ದ 13ನೇ ನಂಬರಿನ ಬ್ಯಾಟರಿ ತೆಗೆದು, ಕಿತ್ತಳೆ ಸ್ಟಿಕ್ಕರ್ ಕಿತ್ತು, ಒಂದು ನಿಮಿಷ ಗಾಳಿಗೆ ಇಟ್ಟುಕೊಂಡು ನನಗೆ ಪಾಠ ಮಾಡಿದಳು. ಹಳೇ ಕಾಲದ ಮಿಷನ್ ಹಾಗಿತ್ತೇನೋ ಕಣೇ ಅಂದೆ. "ಹಂಗಾದ್ರೆ ಅವಳಿಗೆ ಸ್ವಲ್ಪ ಟೈಮಾದ್ರೂ ಸಿಗ್ತಿತ್ತು" ಅಂದಳು. ಪುಸ್ತಕದ ಜೊತೆ ಹೀಗೆ ಜಗಳ ಆಡುವಷ್ಟು ಸಲಿಗೆ ಅವಳಿಗೆ ಅದುವರೆಗೆ ಯಾವ ಪುಸ್ತಕದ ಜೊತೆಗೂ ಇರಲಿಲ್ಲ.

ಸೀಸಿ ಎದೆಗೆ ಕಟ್ಟಿಕೊಳ್ಳುವ ಫೋನಿಕ್ ಇಯರ್ ಅನ್ನುವ ಮಿಷನ್‌ನ ಇನ್ನೊಂದು ತುದಿ ಟೀಚರ್ ಕೊರಳಲ್ಲಿರುವ ಮೈಕು. ಟೀಚರ್ ಮೈಕ್ ತೆಗೆಯಲು ಮರೆತು ಹೊರಗೆ ಹೋದರೆ, ಬಾತ್‌ರೂಮಿಗೆ ಹೋದರೂ, ಎಲ್ಲವೂ ಸೀಸಿಗೆ ಕೇಳಿಸುತ್ತದೆ. ಅವಳು ಅದನ್ನು ತನ್ನ ಶಕ್ತಿ ಅಂತ ಅಂದುಕೊಂಡು ಮನಸ್ಸಿನಲ್ಲೇ ಸೂಪರ್‌ಹೀರೋ ಆಗುತ್ತಾಳೆ. ಕೊನೆಗೆ ಆ ಶಕ್ತಿ ಇಡೀ ಕ್ಲಾಸಿನ ತುಂಟಾಟಕ್ಕೆ ಕಾವಲು ಕಾಯುವ ಕೆಲಸಕ್ಕೆ ಬರುತ್ತದೆ. ಇಂಥ ಮೈಕು ಈಗಲೂ ಇದೆ, ಚಿಕ್ಕದಾಗಿದೆ ಅಷ್ಟೇ. ಅಕ್ಕ ಕಷ್ಟಪಟ್ಟು ಒಂದು ಕೊಡಿಸಿದ್ದಳು. ಆಗಿನ ಶಾಲೆಯ ಒಬ್ಬ ಟೀಚರು "ನಂಗೆ ಕತ್ತಿಗೆ ಭಾರ" ಅಂತ ಅದನ್ನು ಮೇಜಿನ ಮೇಲೆ ಇಡುತ್ತಿದ್ದರು. ಮಗುವಿಗೆ ಇಡೀ ಪೀರಿಯಡ್ ಡಸ್ಟರ್ ಸದ್ದು ಮಾತ್ರ ಕೇಳಿಸುತ್ತಿತ್ತು. ಇರಲಿ, ಅದು ಬೇರೆ ಕಥೆ.

ಗೆಳತಿಯ ಮಗ ಕೇಳಿದ್ದನಲ್ಲ, ಕಿರುಚಬೇಕಾ ಅಂತ? ಈ ಪುಸ್ತಕದಲ್ಲಿ ಗಿನ್ನಿ ಅಂತ ಒಬ್ಬ ಗೆಳತಿ ಇದ್ದಾಳೆ. ಒಳ್ಳೆಯವಳು. ಒಳ್ಳೆಯದು ಮಾಡಬೇಕು ಅಂತಲೇ ಅ-ಕ್ಷ-ರ ಬಿ-ಡಿ-ಸಿ ಜೋರಾಗಿ ಮಾತಾಡುತ್ತಾಳೆ. ಸೀಸಿಗೆ ಅವಳ ಮುಖ ನೋಡಿದರೇ ಸಾಕು ಸಾಕು ಅನಿಸುತ್ತದೆ. ಇದನ್ನು ಓದಿದ ಮೇಲೆ ಮತ್ತೆ ಆ ಪ್ರಶ್ನೆ ಯಾವ ಮಗುವೂ ಕೇಳುವುದಿಲ್ಲ. ಅದಕ್ಕೇ ಹೇಳಿದೆ, ಎರಡೂ ಕಡೆಯವರಿಗೆ ಕೊಡಬಹುದಾದ ಪುಸ್ತಕ ಇದು.

ಕೊರತೆ ಏನು? ಸೀಸಿಗೆ ಸೈನ್ ಭಾಷೆ ಕಲಿಯಲು ಇಷ್ಟವಿಲ್ಲ. ಅಮ್ಮ ಕ್ಲಾಸಿಗೆ ಕರೆದುಕೊಂಡು ಹೋದರೆ ಸಿಟ್ಟು ಬರುತ್ತದೆ, ಎಲ್ಲರೂ ತನ್ನನ್ನೇ ನೋಡುತ್ತಾರೆ ಅಂತ. ಅದು ಆ ಹುಡುಗಿಯ ಅನುಭವ, ಸುಳ್ಳಲ್ಲ. ಕೊನೆಯಲ್ಲಿ ಲೇಖಕಿ ಕಿವುಡಾಗಿ ಬದುಕುವ ರೀತಿ ಒಂದೇ ಅಲ್ಲ ಅಂತ ಪ್ರತ್ಯೇಕವಾಗಿ ಬರೆದಿದ್ದಾರೆ ಕೂಡ. ಆದರೂ ಮನೆಯಲ್ಲಿ ಸೈನ್‌ನಲ್ಲೇ ಮಾತಾಡುವ ಕುಟುಂಬವಾದರೆ ಇದನ್ನು ಒಂಟಿಯಾಗಿ ಕೊಡಬೇಡಿ, ಕೆಳಗೆ ಹೇಳುವ ದ್ವೀಪದ ಕಥೆಯ ಜೊತೆ ಕೊಡಿ. 8ರಿಂದ 12 ವರ್ಷಕ್ಕೆ ಸರಿ, ಇಂಗ್ಲಿಷ್ ಸುಲಭ. 2022ರಲ್ಲಿ ಆ್ಯಪಲ್ ಟಿವಿಯಲ್ಲಿ ಮೂರು ಕಂತಿನ ಕಾರ್ಟೂನ್ ಆಗಿಯೂ ಬಂತು. ನನ್ನ ಕೇಳಿದರೆ ಪುಸ್ತಕವೇ ಮೊದಲು, ಯಾಕಂದರೆ ಖಾಲಿ ಬಲೂನಿನ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಹೈಸ್ಕೂಲಿನವರಿಗೆ, ಜೋಪಾನ: ಎ ಸೈಲೆಂಟ್ ವಾಯ್ಸ್

ಮೇಷ್ಟ್ರು ಇದರ ಹೆಸರನ್ನೇ ಹೇಳಿಕೊಂಡು ಬಂದಿದ್ದರು, ಮಕ್ಕಳು ಸಿನಿಮಾ ನೋಡಿದ್ದಾರಂತೆ. ಯೋಶಿತೊಕಿ ಓಯಿಮಾ ಅವರ ಜಪಾನಿ ಮಂಗಾ, ಅಂದರೆ ಅಲ್ಲಿನ ಕಾಮಿಕ್ಸ್. 2013-14ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 7 ಸಂಪುಟ. 2016ರಲ್ಲಿ ಸಿನಿಮಾ. ಓಯಿಮಾ ಅವರ ತಾಯಿ ಸೈನ್ ಭಾಷೆಯ ದುಭಾಷಿ. ಅದು ಚಿತ್ರದಲ್ಲಿ ಗೊತ್ತಾಗುತ್ತದೆ, ಕೈಗಳನ್ನು ಅಷ್ಟು ನಿಗಾ ಇಟ್ಟು ಬರೆದಿದ್ದಾರೆ.

ಶೋಕೊ ಅನ್ನುವ ಹುಡುಗಿ ಹೊಸ ಶಾಲೆಗೆ ಸೇರುತ್ತಾಳೆ. "ನನ್ನ ಜೊತೆ ಈ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡಿ" ಅಂತ ನೋಟ್‌ಬುಕ್ ತೋರಿಸುತ್ತಾಳೆ. ಶೋಯ ಅನ್ನುವ ಹುಡುಗ ಅದನ್ನು ಕೊಳಕ್ಕೆ ಎಸೆಯುತ್ತಾನೆ, ಅವಳ ಮಿಷನ್ ಕಿತ್ತು ಬಿಸಾಡುತ್ತಾನೆ. ಐದು ತಿಂಗಳಲ್ಲಿ 8 ಮಿಷನ್ ಹಾಳು. ವಿಷಯ ಹೊರಗೆ ಬಂದಾಗ ಇಡೀ ಕ್ಲಾಸು ತಪ್ಪನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟುತ್ತದೆ. ವರ್ಷಗಳ ಮೇಲೆ ಅವನು ಸೈನ್ ಕಲಿತುಕೊಂಡು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ.

ಕ್ಲಾಸಿನಲ್ಲಿ ಕಾಟ ಕೊಡುವುದು ಹೇಗೆ ಹಬ್ಬುತ್ತದೆ, ಸುಮ್ಮನೆ ನೋಡುತ್ತಾ ನಕ್ಕವರ ಪಾಲು ಎಷ್ಟು ಅನ್ನುವುದನ್ನು ಇಷ್ಟು ಬಿಡಿಸಿ ಹೇಳಿದ ಕಾಮಿಕ್ಸ್ ನಾನು ಓದಿಲ್ಲ. ಒಂದು ಪುಟ ನನಗೆ ಮರೆಯಲು ಆಗುತ್ತಿಲ್ಲ. ಶೋಕೊ ಸೈನ್ ಬಿಟ್ಟು ಬಾಯಲ್ಲೇ ಹೇಳಬೇಕು ಅಂತ ಧೈರ್ಯ ಮಾಡಿ "ಸುಕಿ" ಅನ್ನುತ್ತಾಳೆ, ಅಂದರೆ ನೀನು ಇಷ್ಟ ಅಂತ. ಅವನಿಗೆ ಅದು "ತ್ಸುಕಿ" ಅಂತ ಕೇಳಿಸುತ್ತದೆ, ಅಂದರೆ ಚಂದ್ರ. ತಲೆ ಎತ್ತಿ ಆಕಾಶ ನೋಡುತ್ತಾನೆ. ಇಲ್ಲಿ ಸರಿಯಾಗಿ ಕೇಳಿಸಿಕೊಳ್ಳದೆ ಹೋದವನು ಕಿವಿ ನೆಟ್ಟಗಿರುವವನೇ.

ಆದರೆ ಎರಡು ಮಾತು. ಒಂದು, ಇದರಲ್ಲಿ ಆತ್ಮಹತ್ಯೆಯ ಪ್ರಯತ್ನ ಇದೆ, ಪಕ್ಕದಲ್ಲಿ ಎಲ್ಲೋ ಅಲ್ಲ, ಕಥೆಯ ನಡುಮಧ್ಯೆ. 14ಕ್ಕಿಂತ ಚಿಕ್ಕವರಿಗೆ ಬೇಡ. ದೊಡ್ಡವರಿಗೂ ಕೊಟ್ಟು ಕೈತೊಳೆದುಕೊಳ್ಳಬೇಡಿ, ನೀವೂ ಓದಿ. ಎರಡು, ಇದು ಮುಖ್ಯವಾಗಿ ಶೋಯನ ಕಥೆ. ಶೋಕೊ ಬಹಳ ಹೊತ್ತು ಕ್ಷಮೆ ಕೇಳುತ್ತಾ, ನಗುತ್ತಾ ಇರುತ್ತಾಳೆ. ಅವಳ ಒಳಗೆ ಏನು ನಡೆಯುತ್ತಿದೆ ಅಂತ ನಮಗೆ ಸಿಗುವುದು ತಡವಾಗಿ, ಕಡಿಮೆ. ನಮ್ಮ ಹುಡುಗಿಗೆ ಇನ್ನೂ ಕೊಟ್ಟಿಲ್ಲ. ಕಾಟ ತಿಂದ ಮಗುವಿಗೆ ಕಾಟ ಕೊಟ್ಟವನ ಪಶ್ಚಾತ್ತಾಪವನ್ನು ಏಳು ಸಂಪುಟ ಓದಿಸುವುದು ಸರಿಯಾ ಅಂತ ನನಗೇ ಅನುಮಾನ. ಕಾಟ ಕೊಟ್ಟವರಿಗೆ, ನೋಡಿ ಸುಮ್ಮನಿದ್ದವರಿಗೆ ಮಾತ್ರ ಇದು ಸರಿಯಾದ ಪುಸ್ತಕ. ಹೈಸ್ಕೂಲ್ ಲೈಬ್ರರಿಯಲ್ಲಿ ಅಂಥವರೇ ಜಾಸ್ತಿ.

ದುಡ್ಡಿನ ಮಟ್ಟಿಗೂ ಇದು ದೊಡ್ಡ ಬಾಬತ್ತು. ಏಳರಲ್ಲಿ ಎರಡು ಕೊಂಡು ನಿಲ್ಲಿಸಿದರೆ ಮಕ್ಕಳು ನಿಮ್ಮನ್ನು ಬಿಡುವುದಿಲ್ಲ. ಅಷ್ಟು ಭಾರ ಬೇಡ, ಆದರೆ ಮಂಗಾನೇ ಬೇಕು ಅನ್ನುವ ಕಾಲೇಜು ಹುಡುಗಿಯರಿಗೆ "ಎ ಸೈನ್ ಆಫ್ ಅಫೆಕ್ಷನ್" ಇದೆ. ನಾಯಕಿ ಯುಕಿ ಕಾಲೇಜು ವಿದ್ಯಾರ್ಥಿನಿ, ಕಿವಿ ಕೇಳಿಸುವುದಿಲ್ಲ, ಕಥೆ ಮಾತ್ರ ಶುದ್ಧ ಪ್ರೇಮಕಥೆ. ಅವಳಿಗೆ ಒಬ್ಬ ಹುಡುಗ ಇಷ್ಟವಾಗುತ್ತಾನೆ, ಅದೇ ಅವಳ ಕೆಲಸ. ನನ್ನ ಮೊದಲ ಪ್ರಶ್ನೆಗೆ ಇದು ಸಲೀಸಾಗಿ ಪಾಸು.

ಕಥೆ ಬೇಕು, ಪಾಠ ಬೇಡ ಅನ್ನುವವರಿಗೆ

ಲಿನ್ ಕೆಲಿ ಬರೆದ "ಸಾಂಗ್ ಫಾರ್ ಎ ವೇಲ್" 2019ರದು. 12 ವರ್ಷದ ಐರಿಸ್ ಹಳೇ ರೇಡಿಯೊಗಳನ್ನು ರಿಪೇರಿ ಮಾಡುತ್ತಾಳೆ. ಕಿವಿ ಕೇಳಿಸಲ್ಲ, ಆದರೆ ಕೈಯಿಟ್ಟರೆ ಅದುರುವುದು ಗೊತ್ತಾಗುತ್ತದೆ. ಒಂದು ತಿಮಿಂಗಿಲದ ಹಾಡು ಉಳಿದ ತಿಮಿಂಗಿಲಗಳ ದನಿಗಿಂತ ಬೇರೆಯೇ ಶ್ರುತಿಯಲ್ಲಿದೆ, ಅದಕ್ಕೆ ಯಾರೂ ಮರುದನಿ ಕೊಡುತ್ತಿಲ್ಲ ಅಂತ ತಿಳಿದು, ಅದಕ್ಕಾಗಿ ಒಂದು ಹಾಡು ಮಾಡಿ ಕೇಳಿಸಬೇಕು ಅಂತ ಹಟ ಹಿಡಿದು ಅಜ್ಜಿಯ ಜೊತೆ ಮನೆಯವರ ಅಪ್ಪಣೆ ಇಲ್ಲದೆ ಅಲಾಸ್ಕಾ ಕಡೆಗೆ ಹಡಗು ಹತ್ತುತ್ತಾಳೆ. ಕಥೆಯ ತಿಮಿಂಗಿಲ 55 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 55 ಕಂಪನ) ಹಾಡುತ್ತದೆ. ಸುಮಾರು 52 ಹರ್ಟ್ಸ್‌ನಲ್ಲಿ ಕೂಗುವ ನಿಜವಾದ ಒಂದು ತಿಮಿಂಗಿಲದ ದನಿಯನ್ನು ಪೆಸಿಫಿಕ್ ಸಾಗರದಲ್ಲಿ 1989ರಲ್ಲಿ ಮೊದಲು ಗುರುತಿಸಿದ್ದರು. ವಿಜ್ಞಾನದ ಹುಚ್ಚಿರುವ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಪುಸ್ತಕ ಕಿತ್ತುಕೊಳ್ಳುತ್ತಾರೆ.

ಲೇಖಕಿಗೆ ಕಿವಿ ಕೇಳಿಸುತ್ತದೆ, ಅವರು ಸೈನ್ ಭಾಷೆಯ ದುಭಾಷಿ. ಹಾಗಾಗಿ ಶಾಲೆಯೊಳಗಿನ ಕಿರಿಕಿರಿ ಚೆನ್ನಾಗಿ ಗೊತ್ತು. ನೀನಾ ಅಂತ ಒಬ್ಬ ಸಹಪಾಠಿ ತನಗೆ ಸೈನ್ ಬರುತ್ತದೆ ಅಂದುಕೊಂಡು ಐರಿಸ್ ಮುಖದ ಮುಂದೆ ತಪ್ಪು ತಪ್ಪಾಗಿ ಕೈ ಆಡಿಸುತ್ತಾಳೆ. ಐರಿಸ್‌ನ ಅಪ್ಪನಿಗೇ ಸೈನ್ ಸರಿಯಾಗಿ ಬರಲ್ಲ. ಈ ಭಾಗ ಓದುವಾಗ ನಮ್ಮ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಕ್ಕಳಿಗಷ್ಟೇ ಅಲ್ಲ, ಅಪ್ಪಂದಿರಿಗೂ ಕೊಡಬಹುದು. ಆದರೆ ಚಿತ್ರ ಇಲ್ಲ, ಪೂರ್ತಿ ಗದ್ಯ. ಇಂಗ್ಲಿಷ್ ಓದುವ ರೂಢಿ ಬೇಕು.

"ವಂಡರ್‌ಸ್ಟ್ರಕ್" ಇದಕ್ಕೆ ಉಲ್ಟಾ. ಬ್ರಯನ್ ಸೆಲ್ಜ್‌ನಿಕ್, 2011. 600ಕ್ಕೂ ಜಾಸ್ತಿ ಪುಟ ನೋಡಿ ಹೆದರಬೇಡಿ, ಅದರಲ್ಲಿ ಬಹುಪಾಲು ಪೆನ್ಸಿಲ್ ಚಿತ್ರ. ಎರಡು ಕಥೆ ಅಕ್ಕಪಕ್ಕ ನಡೆಯುತ್ತವೆ. 1977ರ ಬೆನ್ ಕಥೆ ಅಕ್ಷರದಲ್ಲಿ. 1927ರ ರೋಸ್ ಕಥೆ ಬರೀ ಚಿತ್ರದಲ್ಲಿ, ಯಾಕಂದರೆ ಅವಳಿಗೆ ಕೇಳಿಸುವುದಿಲ್ಲ. ರೋಸ್‌ಗೆ ಮೂಕಿ ಸಿನಿಮಾ ಅಂದರೆ ಪ್ರಾಣ. ಅಲ್ಲಿ ಎಲ್ಲರೂ ಒಂದೇ, ಎಲ್ಲರೂ ಪರದೆಯ ಮೇಲಿನ ಬರಹ ಓದಿಯೇ ತಿಳಿಯಬೇಕು. ಆ ಥಿಯೇಟರಿಗೂ ಟಾಕಿ ಬರುತ್ತದೆ. ಸಿನಿಮಾಕ್ಕೆ ಮಾತು ಬಂತು ಅಂತ ನಾವು ಸಂಭ್ರಮಿಸಿದ್ದು ಕೆಲವರ ಪಾಲಿಗೆ ಬಾಗಿಲು ಮುಚ್ಚಿದ ಹಾಗಾಯಿತು ಅಂತ ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಬೆನ್ ಕಥೆಯಲ್ಲಿ ಕಾಕತಾಳೀಯ ಸ್ವಲ್ಪ ಜಾಸ್ತಿ, ನಮ್ಮ ಹುಡುಗಿ ಆ ಭಾಗಗಳನ್ನು ಹಾರಿಸಿ ರೋಸ್ ಚಿತ್ರಗಳನ್ನು ಮಾತ್ರ ನೋಡಿದಳು. ಪುಸ್ತಕ ಭಾರ, ಬೆಲೆಯೂ ಭಾರ. ಲೈಬ್ರರಿಯಲ್ಲಿ ಸಿಕ್ಕರೆ ತನ್ನಿ.

ದ್ವೀಪದ ಕಥೆ

"ಶೋ ಮಿ ಎ ಸೈನ್" ಬಗ್ಗೆ ನಾಲ್ಕೇ ಮಾತು, ಆದರೆ ಬಿಡಬೇಡಿ. ಬರೆದ ಆ್ಯನ್ ಕ್ಲೇರ್ ಲೆಜಾಟ್ ಅವರಿಗೆ ಕಿವಿ ಕೇಳಿಸುವುದಿಲ್ಲ. 2020ರ ಪುಸ್ತಕ. ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ದ್ವೀಪ, 1805. ಆ ದ್ವೀಪದಲ್ಲಿ ವಂಶಪಾರಂಪರ್ಯವಾಗಿ ಕಿವುಡು ಎಷ್ಟು ಸಾಮಾನ್ಯವಾಗಿತ್ತೆಂದರೆ ಚಿಲ್‌ಮಾರ್ಕ್ ಅನ್ನುವ ಊರಿನಲ್ಲಿ ಒಂದು ಕಾಲಕ್ಕೆ 25 ಜನರಲ್ಲಿ ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಕಿವಿ ಕೇಳಿಸುವವರೂ ಸೈನ್‌ನಲ್ಲಿ ಮಾತಾಡುತ್ತಿದ್ದರು. ಇದು ಇತಿಹಾಸ. ಅಲ್ಲಿ ಬೆಳೆದ ಮೇರಿಗೆ ತನ್ನಲ್ಲಿ ಏನೋ ಕೊರತೆ ಇದೆ ಅಂತ ಗೊತ್ತೇ ಇಲ್ಲ. ಹೊರಗಿನಿಂದ ಬಂದ ವಿಜ್ಞಾನಿಯೊಬ್ಬ ಅವಳನ್ನು ಮಾದರಿಯ ಹಾಗೆ ಹೊತ್ತೊಯ್ದ ಮೇಲೆ ಗೊತ್ತಾಗುತ್ತದೆ. ಶುರುವಿನಲ್ಲಿ ನಿಧಾನ, ಹಳೇ ಕಾಲದ ವಿವರ ಜಾಸ್ತಿ. ನಮ್ಮ ಹುಡುಗಿ 10 ವರ್ಷದವಳಿದ್ದಾಗ ಮುಚ್ಚಿಟ್ಟಳು, 12ಕ್ಕೆ ಮತ್ತೆ ತೆಗೆದಳು. ಮುಂದಿನ ಎರಡು ಭಾಗಗಳೂ ಬಂದಿವೆ, ಆದರೆ ಮೊದಲನೆಯದೊಂದೇ ಕೊಂಡರೂ ಅರ್ಧದಲ್ಲಿ ಬಿಟ್ಟ ಹಾಗಾಗುವುದಿಲ್ಲ.

ಮನೆಯಲ್ಲಿ ಈಗಾಗಲೇ ಇರುವ ಪ್ರೊಫೆಸರ್

ಟಿನ್‌ಟಿನ್ ಕಾಮಿಕ್ಸ್ ಇಟ್ಟುಕೊಂಡ ಮನೆಗಳಲ್ಲಿ ಪ್ರೊಫೆಸರ್ ಕ್ಯಾಲ್ಕುಲಸ್ ಇದ್ದೇ ಇರುತ್ತಾರೆ. ಒಂದು ಕೇಳಿದರೆ ಇನ್ನೊಂದು ಉತ್ತರ. ನಮ್ಮ ನಾಟಕಗಳ ಕಿವುಡ ಮಾವನ ಜೋಕು ಹೇಗಿರುತ್ತದೋ ಅದೇ ಜಾತಿ. ತನಗೆ ಒಂದು ಕಿವಿ ಸ್ವಲ್ಪ ಮಂದ ಅಷ್ಟೇ ಅಂತ ಅವರ ವಾದ. ಇದನ್ನು ಎಸೆಯಿರಿ ಅಂತ ನಾನು ಹೇಳಲ್ಲ. ಜಲಾಂತರ್ಗಾಮಿ ಮಾಡಿದವರು, ಚಂದ್ರನಿಗೆ ರಾಕೆಟ್ ಮಾಡಿದವರು ಅವರೇ ತಾನೇ? ಚಂದ್ರಯಾನದ ಕಥೆಯಲ್ಲಿ ಅವರು ಮಿಷನ್ ಹಾಕಿಕೊಂಡಿರುತ್ತಾರೆ, ಆಗ ಎಲ್ಲರಂತೆ ಕೇಳಿಸುತ್ತದೆ. ಆಮೇಲಿನ ಪುಸ್ತಕಗಳಲ್ಲಿ ಮಿಷನ್ ಮಾಯ, ಯಾಕಂದರೆ ಜೋಕು ಬೇಕಲ್ಲ. ಇದನ್ನು ಮಕ್ಕಳಿಗೆ ತೋರಿಸಿ, "ಮಿಷನ್ ಎಲ್ಲಿ ಹೋಯ್ತು?" ಅಂತ ಕೇಳಿ. ಹೊಸ ಪುಸ್ತಕ ಕೊಳ್ಳದೆ ಒಂದು ಸಂಜೆ ಕಳೆಯಬಹುದು.

ಸೂಪರ್‌ಹೀರೋ ಹುಚ್ಚಿನವರಿಗೆ ಮಾರ್ವೆಲ್ ಕಾಮಿಕ್ಸ್‌ನ ಬಿಲ್ಲುಗಾರ ಹಾಕ್‌ಐ ಇದ್ದಾನೆ. 2014ರಲ್ಲಿ ಬಂದ 19ನೇ ಸಂಚಿಕೆಯಲ್ಲಿ ಅವನಿಗೆ ಕಿವಿ ಕೇಳಿಸದ ಸ್ಥಿತಿ. ಸೈನ್ ಚಿತ್ರಗಳನ್ನು ಅರ್ಥ ಬರೆಯದೇ ಹಾಗೇ ಕೊಟ್ಟಿದ್ದಾರೆ. ಸೈನ್ ಬಾರದ ನಾವು ಹೊರಗೆ ನಿಲ್ಲಬೇಕು, ಅದೇ ಅದರ ಮಜಾ. ದೊಡ್ಡ ಮಕ್ಕಳಿಗೆ ಮಾತ್ರ, ಹೊಡೆದಾಟ ರಕ್ತ ಎಲ್ಲ ಇದೆ. 2012ರಲ್ಲಿ ಅಮೆರಿಕದ 4 ವರ್ಷದ ಒಬ್ಬ ಹುಡುಗ ಸೂಪರ್‌ಹೀರೋಗಳು ಮಿಷನ್ ಹಾಕಲ್ಲ, ನಾನೂ ಹಾಕಲ್ಲ ಅಂತ ಹಟ ಮಾಡಿದಾಗ ಅವನ ತಾಯಿ ಮಾರ್ವೆಲ್‌ಗೆ ಬರೆದರು. ಅವರು ಹಾಕ್‌ಐ ಚಿತ್ರದ ಜೊತೆಗೆ ಬ್ಲೂ ಇಯರ್ ಅನ್ನುವ ಹೊಸ ಹೀರೋನನ್ನೇ ಬರೆದು ಕಳಿಸಿದರು. ಹಟ ಮಾಡುವ ಮಗು ಮನೆಯಲ್ಲಿದ್ದರೆ ಈ ಕಥೆ ಹೇಳಿ, ಖರ್ಚಿಲ್ಲ.

ಕೈಸನ್ನೆ ಒಂದೇ ಅಲ್ಲ, ಜೋಕೆ

ಪುಸ್ತಕದಲ್ಲಿರುವ ಸೈನ್ ನೋಡಿ ಮಕ್ಕಳು ಕೈ ಆಡಿಸಲು ಶುರು ಮಾಡುತ್ತಾರೆ. ಒಳ್ಳೆಯದೇ. ಆದರೆ ಅಮೆರಿಕದ್ದು ಬೇರೆ, ಜಪಾನಿನದು ಬೇರೆ, ನಮ್ಮದು ಬೇರೆ. ಅಮೆರಿಕದ ಅಕ್ಷರಮಾಲೆ ಒಂದೇ ಕೈಯಲ್ಲಿ, ಭಾರತದ ಸೈನ್‌ನಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳಿಗೆ ಎರಡು ಕೈ ಬೇಕು. ಪುಸ್ತಕ ನೋಡಿ ಕಲಿತದ್ದನ್ನು ಕ್ಲಾಸಿನ ಹುಡುಗನ ಮುಂದೆ ಮಾಡಿದರೆ ಐರಿಸ್ ಮುಂದೆ ನೀನಾ ಮಾಡಿದ ಹಾಗೇ ಆಗುತ್ತದೆ. ದೆಹಲಿಯ ಭಾರತೀಯ ಸೈನ್ ಭಾಷಾ ಸಂಸ್ಥೆಯ ನಿಘಂಟು ಇದೆ, 2021ರ ಆವೃತ್ತಿಯಲ್ಲಿ 10,000 ಪದ, ವಿಡಿಯೊಗಳು ಪುಕ್ಕಟೆ. ಪುಸ್ತಕದ ಪಕ್ಕದಲ್ಲಿ ಅದನ್ನು ತೆರೆದಿಟ್ಟುಕೊಳ್ಳಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಮಾಡುವುದು ಇಷ್ಟು: ಎಲ್ ಡೆಫೊ ಎದುರಿಗಿಟ್ಟುಕೊಂಡು ಬಲೂನುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವುದು, ಖಾಲಿ ಬಲೂನು ಬಂದಾಗ ತುಟಿ ಮಾತ್ರ ಆಡಿಸುವುದು. ರೋಸ್‌ನ ಚಿತ್ರಗಳಿಗಂತೂ ಅನುವಾದವೇ ಬೇಡ. ಬರೆಯುವ ಉತ್ಸಾಹ ಇದ್ದವರು ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಯನ್ನು ತಾವೇ ಮಾಡಿ ಹಾಕಬಹುದು, ಓದುವವರಿಗೂ ದುಡ್ಡಿಲ್ಲ. ನಮ್ಮ ಊರಿನ, ಕಂಪಾಸ್ ಬಾಕ್ಸಿನಲ್ಲಿ ಬ್ಯಾಟರಿ ಇಟ್ಟುಕೊಳ್ಳುವ ಹುಡುಗಿಯ ಕಥೆ ಯಾರಾದರೂ ಬರೆದರೆ ಮೊದಲ ತಕರಾರು ನಮ್ಮ ಮನೆಯಿಂದಲೇ ಬರುತ್ತದೆ.

ಹಾಗಾದರೆ ಆ ಮೂವರಿಗೆ ಏನು ಹೇಳಿದೆ? ಪುಟ್ಟಿಯ ಅಪ್ಪನಿಗೆ ಕರಡಿಮರಿ, ಎರಡು ವರ್ಷ ಬಿಟ್ಟು ಎಲ್ ಡೆಫೊ. ಗೆಳತಿಗೆ ಎಲ್ ಡೆಫೊ ಈಗಲೇ, ದುಡ್ಡು ಉಳಿದರೆ ತಿಮಿಂಗಿಲ. ಮೇಷ್ಟ್ರ ವಿಷಯದಲ್ಲಿ ಸ್ವಲ್ಪ ವಾದ ಆಯಿತು. ಅವರಿಗೆ ಮಂಗಾ ಏಳೂ ಸಂಪುಟ ಬೇಕಿತ್ತು. ನಾಲ್ಕೈದು ಪುಸ್ತಕದ ದುಡ್ಡಿನಲ್ಲಿ ಏಳು ಬರುವುದಿಲ್ಲ ಅಂದೆ. ಎಲ್ ಡೆಫೊ ಎರಡು ಪ್ರತಿ, ದ್ವೀಪ ಒಂದು, ತಿಮಿಂಗಿಲ ಒಂದು ಅಂತ ಹೇಳಿದೆ. ಎಲ್ ಡೆಫೊ ಹೈಸ್ಕೂಲಿನವರಿಗೆ ಚಿಕ್ಕದಾಗಲ್ವಾ ಅಂದರು. 8ನೇ ಕ್ಲಾಸಿನವರಿಗೆ ಕೊಟ್ಟು ನೋಡಿ, ಆಮೇಲೆ ಬೈಯಿರಿ ಅಂದಿದ್ದೇನೆ. ಮಂಗಾವನ್ನು ಮೊದಲು ಅವರೊಬ್ಬರೇ ಓದಲಿ, ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಲಿ ಅಂತಲೂ ಸೇರಿಸಿದೆ.

ಕೊಡುವಾಗ ಒಂದು ಎಚ್ಚರ. ಎಲ್ ಡೆಫೊ ತಂದ ದಿನ ನಾನು "ನೋಡು ಪುಟ್ಟಾ, ನಿನ್ನ ಥರದ ಹುಡುಗಿ ಕಥೆ" ಅಂತ ಹೇಳಿ ಕೊಟ್ಟೆ. ಅವಳ ಮುಖ ಗಂಟಾಯಿತು. ಮೂರು ವಾರ ಅದು ಟಿವಿ ಪಕ್ಕದಲ್ಲಿ ಧೂಳು ತಿಂದಿತು. ಆಮೇಲೆ ಒಂದು ಭಾನುವಾರ ಕರೆಂಟ್ ಹೋದಾಗ ತಾನೇ ಎತ್ತಿಕೊಂಡಳು. ಯಾಕೆ ಅಂತ ಕೇಳಿದ್ದಕ್ಕೆ ಮುಖಪುಟದ ಮೊಲ ಚೆನ್ನಾಗಿದೆ ಅಂದಳು.